ಶಾಲೆಯ ಅಂಗಳಕ್ಕೆ ನೆಲಹಿಪ್ಪಲಿ

ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರು ಈ ಉತ್ಸವದ ನೆನಪಿಗಾಗಿ ಶಾಲೆಗೆ ಒಂದು ಕಾಣಿಕೆಯನ್ನು ಒಪ್ಪಿಸಲು ಮುಂದೆ ಬಂದಿರುವುದು ನಮ್ಮೆಲ್ಲರಿಗೂ ಅತ್ಯಂತ ಸಂತೋಷದ ಸಂಗತಿಯಾಗಿದೆ. ಕಟ್ಟಡದ ಮುಂದುಗಡೆಯ ಬರಿಯ ಅಂಗಳದಲ್ಲಿ ಹಸುರು ಹುಲ್ಲುಹಾಸನ್ನು ಹಾಸಿಸಿಕೊಡಬೇಕೆಂಬುದು ಅವರ ಅಪೇಕ್ಷೆ. ಕೊಡುವ ಕೈಗಳನ್ನು ತಡೆದು ನಿಲ್ಲಿಸುವುದು ಮುಖ್ಯೋಪಾಧ್ಯಾಯಿನಿಯಾದವಳಿಗೆ ಒಪ್ಪುವ ಕೆಲಸವಲ್ಲ. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯವು ಬೇರೆಯಾಗಿರುವುದರಿಂದ, ಅದನ್ನು ಮರೆಮಾಚದೆ ಈ ಸಂಚಿಕೆಯ ಮೂಲಕ ತಮ್ಮೆಲ್ಲರ ಮುಂದಿಡುವುದೇ ಮರ್ಯಾದೆಯೆಂದು ತಿಳಿದು ಬರೆಯುತ್ತಿದ್ದೇನೆ. ಹಿರಿಯ ಸೋದರಿಯರೂ, ನನ್ನ ಕೈಕೆಳಗೆ ಕಲಿತು ಹೋದ ಮಕ್ಕಳೂ, ಪೋಷಕ ಮಹನೀಯರೂ ಇದನ್ನು ತಾಳ್ಮೆಯಿಂದ ಓದಬೇಕಾಗಿ ಕೇಳಿಕೊಳ್ಳುತ್ತೇನೆ.

ಮೊದಲನೆಯದಾಗಿ, ಅಂಗಳಕ್ಕೆ ಹೊದಿಕೆಯೊಂದು ಬೇಕೆಂಬುದರಲ್ಲಿ ನಮ್ಮೊಳಗೆ ಭೇದವೇ ಇಲ್ಲ. ಮಾಘ ಕಳೆದೊಡನೆ ಆ ನೆಲವು ಕಾದ ಹೆಂಚಿನಂತಾಗುವುದು. ಗಾಳಿ ಬೀಸಿದಾಗ ಧೂಳೆದ್ದು ಪಾಠದ ಕೋಣೆಗಳನ್ನು ಹೊಗುವುದು. ಮುಂಗಾರಿನ ಮೊದಲ ಮಳೆ ಹೊಡೆದಾಗ ಕೆಮ್ಮಣ್ಣು ಕರಗಿ ಗೇಟಿನವರೆಗೂ ಹರಿದುಹೋಗುವುದು. ಹೊದಿಕೆಯಿಲ್ಲದ ನೆಲದ ಮೇಲೆ ಬೀಳುವ ಒಂದೊಂದು ಹನಿಯೂ ಮಣ್ಣಿನ ಕಣಗಳನ್ನು ಸಡಿಲಿಸಿ ಹರಿಯುವ ನೀರಿನ ಕೈಗೆ ಕೊಡುತ್ತದೆಂಬುದನ್ನು ನಾವು ಭೂಗೋಳದ ಪಾಠದಲ್ಲಿ ಹೇಳಿಕೊಡುತ್ತೇವೆ. ಹೇಳಿಕೊಡುವ ಶಾಲೆಯ ಅಂಗಳದಲ್ಲಿಯೇ ಅದು ಪ್ರತಿವರ್ಷವೂ ನಡೆಯುತ್ತಿರುವುದು ನಮಗೆ ಶೋಭಿಸುವಂಥದಲ್ಲ. ಆದಕಾರಣ ಪ್ರಶ್ನೆಯಿರುವುದು ಇಷ್ಟೇ: ಆ ಹೊದಿಕೆ ಯಾವುದಾಗಿರಬೇಕು?

ಸಸ್ಯಗಳನ್ನು ಮಾರುವ ನರ್ಸರಿಗಳಲ್ಲಿ ಚಾಪೆಯಂತೆ ಸುರುಳಿ ಸುತ್ತಿಟ್ಟ ಹುಲ್ಲು ದೊರೆಯುತ್ತದೆ. ತಂದು ಬಿಚ್ಚಿ ಹಾಸಿದರೆ ಒಂದೇ ದಿನದಲ್ಲಿ ಅಂಗಳವೆಲ್ಲ ಹಸುರಾಗಿ ಕಾಣುವುದು. ಆದರೆ ಆ ಹಸುರನ್ನು ಉಳಿಸಿಕೊಳ್ಳುವ ಲೆಕ್ಕವನ್ನು ಮಾರುವವನು ಹೇಳುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್ ಆಗುತ್ತದೆ. ಬೇಸಗೆಯ ಬಿಸಿಲಿನಲ್ಲಿ ಹುಲ್ಲಿಗೆ ದಿನವೊಂದಕ್ಕೆ 5 ಮಿಲಿಮೀಟರಿನಷ್ಟು ನೀರು ಬೇಕೆಂದಿಟ್ಟುಕೊಳ್ಳೋಣ. 10 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಸಣ್ಣ ಹುಲ್ಲುಹಾಸಿಗೆ ದಿನಕ್ಕೆ 500 ಲೀಟರ್ ಆಯಿತು. 15 ಲೀಟರು ಹಿಡಿಯುವ ಕೊಡದಲ್ಲಿ ಅಳೆದರೆ ಇದು 33 ಕೊಡಗಳಿಗೂ ಮೇಲಾಗುತ್ತದೆ. ನಮ್ಮ ಅಂಗಳವು ಇದರ ಮೂರರಷ್ಟಿದೆ. ಎಂದರೆ ದಿನಕ್ಕೆ 100 ಕೊಡ ನೀರು. ಫೆಬ್ರವರಿಯಿಂದ ಮೇ ತಿಂಗಳಿನವರೆಗೆ ಇದನ್ನು ಎಲ್ಲಿಂದ ತರೋಣ?

ಈ ಪ್ರಶ್ನೆಯನ್ನು ನಾನು ಕೇಳುವುದು ಶಾಲೆಯ ಖರ್ಚಿನ ಭಯದಿಂದ ಮಾತ್ರವಲ್ಲ. ನಮ್ಮ ಬಯಲುಸೀಮೆಯಲ್ಲಿ ನೀರು ತರುವ ಕೆಲಸವು ಯಾರ ಪಾಲಿಗೆ ಬಂದಿದೆಯೆಂಬುದನ್ನು ಪೋಷಕರಾದ ತಾವು ಬಲ್ಲಿರಿ. ಗಂಡುಮಕ್ಕಳು ಕೊಡವನ್ನು ಹೊತ್ತು ಸಾಲಿನಲ್ಲಿ ನಿಲ್ಲುವುದು ಅಪರೂಪ. ಬೆಳಗಿನ ಜಾವದಲ್ಲಿ ಬೀದಿಯ ನಲ್ಲಿಯ ಮುಂದೆ ಕೊಡವಿಟ್ಟು ಕಾದು, ನೀರನ್ನು ಮನೆಗೆ ಮುಟ್ಟಿಸಿ, ಅನಂತರ ಜಡೆ ಹೆಣೆದುಕೊಂಡು ಶಾಲೆಗೆ ಓಡಿಬರುವ ಹುಡುಗಿಯರು ನಮ್ಮಲ್ಲಿ ಕೆಲವರಲ್ಲ. ಹಾಜರಿ ಪುಸ್ತಕದಲ್ಲಿ ಬೇಸಗೆಯ ತಿಂಗಳುಗಳಲ್ಲಿ ತಡವಾಗಿ ಬಂದವರ ಗುರುತುಗಳು ಹೆಚ್ಚುವುದಕ್ಕೆ ಕಾರಣವು ಸೋಮಾರಿತನವಲ್ಲವೆಂಬುದು ತರಗತಿಯ ಉಪಾಧ್ಯಾಯಿನಿಯರಿಗೆಲ್ಲ ಗೊತ್ತಿದೆ. ಎರಡು ಕೊಡ ನೀರಿಗಾಗಿ ಮೊದಲನೆಯ ಪಾಠವನ್ನು ಕಳೆದುಕೊಂಡ ಹುಡುಗಿಯು ಶಾಲೆಯ ಗೇಟನ್ನು ದಾಟಿ ಬರುವಾಗ, ಅಲ್ಲಿ ಒಬ್ಬನು ನಿಂತು ರಬ್ಬರು ಕೊಳವೆಯಿಂದ ಹುಲ್ಲಿನ ಮೇಲೆ ನೀರನ್ನು ಚಿಮ್ಮಿಸುತ್ತಿದ್ದರೆ, ಆಕೆಯ ಮನಸ್ಸಿನಲ್ಲಿ ಯಾವ ಪಾಠವು ನಿಲ್ಲುವುದು? ನೀರಿನ ಬೆಲೆಯನ್ನು ಕುರಿತು ಅನಂತರ ನಾವು ಎಷ್ಟು ಪ್ರಬಂಧಗಳನ್ನು ಬರೆಯಿಸಿದರೂ ಆ ನೋಟವನ್ನು ಅಳಿಸಲಾರೆವು.

ದೊಡ್ಡ ಪಟ್ಟಣಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈ ಮಾತು ಹೊಸದಾಗಿರಲಾರದು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಗಳಿಗೂ ವಾಹನಗಳನ್ನು ತೊಳೆಯುವುದಕ್ಕೂ ಬಳಸಕೂಡದೆಂದು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿಗಳ ದಂಡವನ್ನು ಗೊತ್ತುಮಾಡಿತು. ರಾಜಧಾನಿಗೇ ಅಂಥ ದಿನ ಬಂದಿರಲು, ಸಣ್ಣ ಊರಿನ ಶಾಲೆಯೊಂದು ನೀರನ್ನು ಬೇಡುವ ಅಲಂಕಾರವನ್ನು ಈಗ ಹೊಸದಾಗಿ ಕಟ್ಟಿಕೊಳ್ಳುವುದು ವಿವೇಕವಲ್ಲ.

ಹಾಗಾದರೆ ಅಂಗಳವು ಬರಿದಾಗಿಯೇ ಇರಲೆಂದು ನಾನು ಹೇಳುವೆನೇ? ಇಲ್ಲ. ನಮ್ಮ ಕೆರೆಯ ಏರಿಯ ಕೆಳಗೂ ಗದ್ದೆಯ ಬದುಗಳ ಮೇಲೂ ಕಾಲುವೆಯ ಅಂಚಿನಲ್ಲಿಯೂ ನೆಲಕ್ಕೆ ಅಂಟಿಕೊಂಡು ಹಬ್ಬುವ ಒಂದು ಗಿಡವುಂಟು. ಅದರ ಹೆಸರು ನೆಲಹಿಪ್ಪಲಿ. ಸಂಸ್ಕೃತದಲ್ಲಿ ಇದನ್ನು ಜಲಪಿಪ್ಪಲಿಯೆನ್ನುತ್ತಾರೆ. ತಾವೆಲ್ಲರೂ ಇದನ್ನು ಎಷ್ಟೋ ಸಲ ತುಳಿದಿದ್ದೀರಿ; ಹೆಸರು ಹಿಡಿದು ಮಾತ್ರ ಕರೆದಿರಲಾರಿರಿ. ಎಲೆಗಳು ಸಣ್ಣವು, ಎದುರುಬದುರಾಗಿ ಹುಟ್ಟುವಂಥವು, ಬುಡದಲ್ಲಿ ಕಿರಿದಾಗಿ ತುದಿಯ ಕಡೆಗೆ ಅಗಲವಾಗಿ ಚಮಚೆಯ ಆಕಾರದಲ್ಲಿರುತ್ತವೆ. ತುದಿಯ ಅಂಚಿನಲ್ಲಿ ಗರಗಸದ ಹಲ್ಲುಗಳಂಥ ಕಚ್ಚುಗಳಿರುತ್ತವೆ. ಎಲೆಯ ಕಂಕುಳಿನಿಂದ ನೀಳವಾದ ತೊಟ್ಟೊಂದು ಎದ್ದು, ಅದರ ತುದಿಯಲ್ಲಿ ಗುಂಡಿಯಷ್ಟು ದೊಡ್ಡದಾದ ಒಂದು ತಲೆ ಕಾಣಿಸುವುದು. ಅದರ ಸುತ್ತಲೂ ಬಿಳುಪು ಅಥವಾ ಎಳೆಗೆಂಪಿನ ಬಹು ಚಿಕ್ಕ ಹೂಗಳು ಬಳೆಯಂತೆ ಅರಳುತ್ತವೆ. ಹೂವಿನ ಗಂಟಲಿನಲ್ಲಿ ಹಳದಿಯ ಚುಕ್ಕೆಯಿರುತ್ತದೆ. ಕೆಳಗಿನ ಸುತ್ತು ಬಾಡಿದಂತೆ ಮೇಲಿನ ಸುತ್ತು ಅರಳುತ್ತ, ಆ ತಲೆಯು ಕ್ರಮವಾಗಿ ಉದ್ದವಾಗಿ ಹಿಪ್ಪಲಿಯ ಕಾಯಿಯನ್ನು ಹೋಲುವುದು. ಹೆಸರು ಗಿಡಕ್ಕೆ ಎಷ್ಟು ಚೆನ್ನಾಗಿ ಒಪ್ಪಿದೆ ನೋಡಿರಿ!

ಈ ಗಿಡದ ಗುಣವೆಲ್ಲ ಅದರ ಗೆಣ್ಣಿನಲ್ಲಿದೆ. ಹಬ್ಬುವ ಕಾಂಡದ ಗೆಣ್ಣು ಹಸಿ ನೆಲವನ್ನು ಮುಟ್ಟಿದಲ್ಲೆಲ್ಲ ಬೇರನ್ನು ಬಿಡುವುದು. ಅಲ್ಲಿಂದ ಹೊಸ ಕವಲುಗಳು ಹೊರಡುವುವು. ಹೀಗೆ ಒಂದು ಕಡ್ಡಿಯು ಕೆಲವು ತಿಂಗಳುಗಳಲ್ಲಿ ಒಂದು ಚಾಪೆಯಾಗಿ, ಮಣ್ಣನ್ನು ಸಾವಿರ ಹೊಲಿಗೆಗಳಿಂದ ಹೊಲಿದಂತೆ ಹಿಡಿದುಕೊಳ್ಳುತ್ತದೆ. ಲಿನ್ನೇಯಸ್ ಪಂಡಿತನು 1753ರಲ್ಲಿ ಇದನ್ನು ವರ್ಣಿಸಿದಾಗ ಕೊಟ್ಟ ‘ನೋಡಿಫ್ಲೋರ’ ಎಂಬ ಹೆಸರಿನಲ್ಲಿಯೂ ಗೆಣ್ಣಿನ ಪ್ರಸ್ತಾಪವೇ ಇದೆ. ಇಂದು ಸಸ್ಯಶಾಸ್ತ್ರಜ್ಞರು ಇದನ್ನು ಫೈಲ ನೋಡಿಫ್ಲೋರ ಎಂದು ಕರೆಯುತ್ತಾರೆ. ಉಷ್ಣವಲಯದ ಅನೇಕ ದೇಶಗಳಲ್ಲಿ ತಾನಾಗಿ ಬೆಳೆಯುವ ಈ ಗಿಡಕ್ಕೆ ನಮ್ಮ ನಾಡೂ ತವರೇ. ಒಮ್ಮೆ ನೆಲೆಯೂರಿದ ಮೇಲೆ ಇದು ವರ್ಷ ವರ್ಷವೂ ಬಾಳುತ್ತದೆ. ಬೀಜವನ್ನು ಮತ್ತೆ ಮತ್ತೆ ಬಿತ್ತಬೇಕಾಗಿಲ್ಲ. ಎತ್ತರಕ್ಕೆ ಏರದೆ ನೆಲದ ಮಟ್ಟದಲ್ಲಿಯೇ ಇರುವುದರಿಂದ ಕತ್ತರಿಸುವ ಕೆಲಸವೂ ಕಡಿಮೆ. ಮೇಲೆ ನಡೆದಾಡಿದರೆ ಸಹಿಸಿಕೊಳ್ಳುವುದು.

ಇದರ ಹೂವಿಗೆ ಜೇನುಹುಳುಗಳೂ ಸಣ್ಣ ಚಿಟ್ಟೆಗಳೂ ಎಡೆಬಿಡದೆ ಬರುತ್ತವೆ. ಇಂಗ್ಲಿಷಿನಲ್ಲಿ ಪೀಕಾಕ್ ಪ್ಯಾನ್ಸಿಯೆಂದು ಕರೆಯುವ, ಕಿತ್ತಳೆಯ ರೆಕ್ಕೆಗಳ ಮೇಲೆ ನವಿಲುಗಣ್ಣುಗಳಿರುವ ಚಿಟ್ಟೆಯ ಮರಿಹುಳುಗಳು ತಿಂದು ಬೆಳೆಯುವ ಗಿಡಗಳಲ್ಲಿ ಇದೂ ಒಂದು. ಹುಲ್ಲುಹಾಸಿನ ಮೇಲೆ ಕೂಡಿಸಿ ಜೀವಶಾಸ್ತ್ರವನ್ನು ಹೇಳಿಕೊಡಬಹುದು. ನೆಲಹಿಪ್ಪಲಿಯ ಮುಂದೆ ಕೂಡಿಸಿದರೆ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಅವಸ್ಥೆಗಳನ್ನು ಮಕ್ಕಳು ತಮ್ಮ ಕಣ್ಣಿನಿಂದಲೇ ನೋಡಬಹುದು.

ಇನ್ನೊಂದು ಸಂಗತಿಯನ್ನು ಕೇಳಿರಿ. ಜಪಾನಿನಲ್ಲಿ ಇದೇ ಗಿಡದಿಂದ ‘ಕುರಾಪಿಯ’ ಎಂಬ ತಳಿಯೊಂದನ್ನು ಸಿದ್ಧಪಡಿಸಿದ್ದಾರೆ. ನೀರಿನ ಅಭಾವವಿರುವ ಅಮೇರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಹುಲ್ಲುಹಾಸಿಗೆ ಬದಲಾಗಿ ಅದನ್ನು ಹಣ ಕೊಟ್ಟು ಕೊಂಡು ನೆಡುತ್ತಾರೆ. ಅಲ್ಲಿಯವರು ಕೊಂಡು ತರುವುದರ ಬಂಧುವು ನಮ್ಮ ಕೆರೆಯಂಗಳದಲ್ಲಿ ದನಗಳ ಕಾಲ್ತುಳಿತಕ್ಕೆ ಸಿಕ್ಕಿ ಬಿದ್ದಿದೆ. ನಾವು ಹುಲ್ಲಿನ ಸುರುಳಿಗಾಗಿ ಹಣವನ್ನು ಕೂಡಿಸುತ್ತಿದ್ದೇವೆ.

ಇಷ್ಟು ಓದಿದವರಲ್ಲಿ ಯಾರಾದರೂ, ಮುಖ್ಯೋಪಾಧ್ಯಾಯಿನಿಯು ಪರದೇಶದ ಗಿಡಗಳನ್ನೆಲ್ಲ ದ್ವೇಷಿಸುವಳೆಂದು ತಿಳಿಯಬಾರದು. ನಮ್ಮ ಅಡಿಗೆಯ ಮೆಣಸಿನಕಾಯಿಯೂ, ಹಿತ್ತಿಲಿನ ಸೀಬೆಯೂ, ಹಬ್ಬದ ದಿನ ಬಾಗಿಲಿಗೆ ಕಟ್ಟುವ ಚೆಂಡುಹೂವೂ ಅಮೇರಿಕ ಖಂಡದಿಂದ ಬಂದವುಗಳೇ. ಅವು ಬಂದು ನಮ್ಮ ಮನೆಯವರಾಗಿವೆ. ಗಿಡವನ್ನು ಅದರ ಹುಟ್ಟಿನಿಂದ ಅಳೆಯುವುದು ನ್ಯಾಯವಲ್ಲ, ನಡತೆಯಿಂದ ಅಳೆಯಬೇಕು. ನಡತೆ ಕೆಟ್ಟದ್ದಕ್ಕೆ ಉದಾಹರಣೆ ಬೇಕಾದರೆ ಲಂಟಾನವನ್ನು ನೋಡಿರಿ. ನೆಲಹಿಪ್ಪಲಿಯೂ ಲಂಟಾನವೂ ವರ್ಬಿನೇಸಿಯೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಹೂಗಳನ್ನು ಹತ್ತಿರದಿಂದ ನೋಡಿದರೆ ಆ ಹೋಲಿಕೆಯು ತಿಳಿಯುವುದು. ಲಂಟಾನವನ್ನು 19ನೆಯ ಶತಮಾನದಲ್ಲಿ ಅಂದಕ್ಕಾಗಿ ಇಂಡಿಯಕ್ಕೆ ತಂದು ತೋಟಗಳಲ್ಲಿ ನೆಟ್ಟರು. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆಗೂ ಒಯ್ದವು. ಇಂದು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡುಗಳಲ್ಲಿ ಅದು ಪೊದೆಗಟ್ಟಿ ನಿಂತು, ಹುಲ್ಲಿಗೂ ಎಳೆಯ ಸಸಿಗಳಿಗೂ ಎಡೆಗೊಡದಿದೆ. ಬೆಟ್ಟದ ಜನರು ಅದರ ಕಡ್ಡಿಗಳಿಂದ ಕುರ್ಚಿ ಮೇಜುಗಳನ್ನು ಹೆಣೆದು ಮಾರಿ, ಬಂದ ಕೇಡಿನಿಂದ ಸ್ವಲ್ಪ ಜೀವನೋಪಾಯವನ್ನು ಕಂಡುಕೊಂಡಿದ್ದಾರೆ. ಆದರೂ ಕಾಡಿನ ನಷ್ಟವು ನಷ್ಟವೇ. ಒಂದು ತೋಟದ ಅಲಂಕಾರವು ಬೇಲಿಯನ್ನು ದಾಟಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದನ್ನು ಹೇಳಲು ಕಾರಣವುಂಟು. ನೆಲವನ್ನು ಮುಚ್ಚುವ ಹೂಗಿಡ ಬೇಕೆಂದು ನರ್ಸರಿಯಲ್ಲಿ ಕೇಳಿದರೆ, ಹಳದಿ ಹೂವಿನ ವೆಡೀಲಿಯವನ್ನು ಕೊಡುವುದು ವಾಡಿಕೆಯಾಗಿದೆ. ಅದೂ ಅಮೇರಿಕ ಖಂಡದ ಉಷ್ಣಪ್ರದೇಶದ್ದು. ಲೋಕದಲ್ಲಿ ಅತ್ಯಂತ ಹಾನಿಕರವಾಗಿ ಹಬ್ಬುವ ನೂರು ಜೀವಿಗಳೆಂದು ತಜ್ಞರು ಮಾಡಿರುವ ಪಟ್ಟಿಯಲ್ಲಿ ಲಂಟಾನದೊಡನೆ ಅದರ ಹೆಸರೂ ಇದೆ. ಕಾಲುವೆಯ ಅಂಚನ್ನು ಹಿಡಿದರೆ ಅದು ನೆಲಹಿಪ್ಪಲಿಯಂಥ ಚಿಕ್ಕ ಗಿಡಗಳನ್ನು ಮುಚ್ಚಿಹಾಕುವುದು. ಆದುದರಿಂದ ತಮ್ಮ ತಮ್ಮ ಮನೆಗಳಲ್ಲಿ ಕೈತೋಟ ಮಾಡುವ ಸೋದರಿಯರು ಕೊಳ್ಳುವ ಮೊದಲು ಗಿಡದ ನಡತೆಯನ್ನು ವಿಚಾರಿಸಬೇಕು.

ನನ್ನ ಸಲಹೆಗೆ ಬಂದಿರುವ ಆಕ್ಷೇಪಣೆಗಳನ್ನೂ ಇಲ್ಲಿ ಹೇಳುವುದು ನ್ಯಾಯ. ಶಾಲೆಯ ಮುಂದೆ ಬದುವಿನ ಕಳೆಯನ್ನು ಬೆಳೆಸಿದರೆ ನೋಡಿದವರು ನಗುವರೆಂಬುದು ಮೊದಲನೆಯದು. ಕಳೆಯೆಂಬುದು ಬೇಡವಾದ ಕಡೆ ಬೆಳೆದ ಗಿಡಕ್ಕೆ ನಾವು ಕೊಟ್ಟ ಹೆಸರು. ಅಂಚುಗಟ್ಟಿ ಅಚ್ಚುಕಟ್ಟಾಗಿ ಬೆಳೆಸಿದರೆ ಅದೇ ತೋಟವಾಗುವುದು. ಜೇನುಹುಳುಗಳು ಬರಿಗಾಲಿನ ಮಕ್ಕಳನ್ನು ಕುಟುಕಬಹುದೆಂಬುದು ಎರಡನೆಯದು. ಈ ಮಾತು ಸತ್ಯ. ಆದಕಾರಣ ಚಿಕ್ಕ ಮಕ್ಕಳು ಓಡಾಡುವ ದಾರಿಯಲ್ಲಿ ಇದನ್ನು ನೆಡಬಾರದು. ದಾರಿಗಳನ್ನು ಕಲ್ಲುಚಪ್ಪಡಿಯಿಂದ ಬೇರ್ಪಡಿಸಬೇಕು. ಆಟದ ಬಯಲಿಗೆ ನೆಲಹಿಪ್ಪಲಿ ತಕ್ಕದ್ದಲ್ಲ. ಅಲ್ಲಿ ನಮ್ಮ ಹಳೆಯ ಗರಿಕೆಯೇ ಇರಲಿ. ಕಡು ಬೇಸಗೆಯಲ್ಲಿ ನೀರನ್ನು ಪೂರ್ತಿಯಾಗಿ ನಿಲ್ಲಿಸಿದರೆ ಗಿಡವು ಕಂದಾಗುವುದೆಂಬುದು ಮೂರನೆಯದು. ಅದೂ ಸತ್ಯವೇ, ಆದರೆ ಬೇರು ಜೀವದಿಂದಿದ್ದರೆ ಮಳೆ ಬಿದ್ದೊಡನೆ ಮತ್ತೆ ಚಿಗುರುವುದು. ವರ್ಷಕ್ಕೆ ಎರಡು ತಿಂಗಳು ಅಂಗಳವು ಊರಿನ ಹೊಲಗಳಂತೆಯೇ ಕಂದಾಗಿ ಕಂಡರೆ ನಾಚಿಕೆಪಡಬೇಕಾದುದೇನು?

ಇನ್ನು ಬೆಳೆಸುವ ಕ್ರಮ. ಜೂನ್ ತಿಂಗಳಲ್ಲಿ ನೆಲವು ಎರಡು ಮೂರು ಮಳೆಗಳಿಂದ ನೆನೆದ ಮೇಲೆ, ಗುದ್ದಲಿಯಿಂದ ಮೇಲುಮಣ್ಣನ್ನು ಸಡಿಲಿಸಿ ಇತರ ಕಳೆಗಳ ಬೇರನ್ನು ಆರಿಸಿ ತೆಗೆಯಬೇಕು. ಮುಖ್ಯವಾಗಿ ಜೇಕಿನ ಗಡ್ಡೆಗಳು ಉಳಿಯಬಾರದು. ಮೂರು ನಾಲ್ಕು ಗೆಣ್ಣುಗಳಿರುವ, ಗೇಣುದ್ದದ ಕಡ್ಡಿಗಳನ್ನು ತಂದು, ಒಂದೊಂದು ಅಡಿಗೆ ಒಂದರಂತೆ ಮಲಗಿಸಿ, ಎರಡು ಗೆಣ್ಣುಗಳಾದರೂ ಮಣ್ಣಿನೊಳಗಿರುವಂತೆ ಒತ್ತಬೇಕು. ಬಿಸಿಲು ಚೆನ್ನಾಗಿ ಬೀಳುವ ಸ್ಥಳವೇ ಇದಕ್ಕೆ ಹಿತ. ದಟ್ಟವಾದ ನೆರಳಿನಲ್ಲಿ ಹೂ ಬಿಡದು. ಬೇರು ಹಿಡಿಯುವವರೆಗೆ ಮಳೆ ತಪ್ಪಿದ ದಿನಗಳಲ್ಲಿ ನೀರು ಹನಿಸಬೇಕು. ಮೊದಲನೆಯ ಎರಡು ಮೂರು ತಿಂಗಳು ಕಳೆ ಕೀಳುವ ಕೆಲಸವನ್ನು ತಪ್ಪಿಸಬಾರದು. ಅನಂತರ ಚಾಪೆಯು ಕೂಡಿಕೊಂಡು ಕಳೆಗೆ ತಾನೇ ಎಡೆಗೊಡದಾಗುವುದು. ಪಕ್ಕದ ಹೂವಿನ ಪಾತಿಗಳೊಳಗೆ ನುಗ್ಗದಂತೆ ಅಂಚಿಗೆ ಇಟ್ಟಿಗೆಯನ್ನು ಹೂಳಿ, ಹೊರಬಿದ್ದ ಕವಲುಗಳನ್ನು ಆಗಾಗ್ಗೆ ಕತ್ತರಿಸಬೇಕು. ಮಧ್ಯಾಹ್ನದ ಊಟದ ಮುಂಚೆ ಮಕ್ಕಳು ಕೈತೊಳೆಯುವ ನೀರು ಈಗ ಚರಂಡಿಯ ಪಾಲಾಗುತ್ತಿದೆ; ಅದನ್ನು ಒಂದು ಸಣ್ಣ ಕಾಲುವೆಯಿಂದ ಈ ಕಡೆಗೆ ತಿರುಗಿಸಿದರೆ ಹಸಿಯನ್ನು ಮೆಚ್ಚುವ ಈ ಗಿಡಕ್ಕೆ ಬೇಸಗೆಯಲ್ಲಿ ಬಹಳ ಆಧಾರವಾಗುವುದು.

ಅಂಗಳದ ಪಡುವಣ ಮೂಲೆಯಲ್ಲಿ ಗರಸು ನೆಲವಿದೆ. ಅಲ್ಲಿ ಹಸಿ ನಿಲ್ಲುವುದಿಲ್ಲವಾದ್ದರಿಂದ ನೆಲಹಿಪ್ಪಲಿಯು ಸೊರಗುವುದು. ಆ ಮೂಲೆಗೆ ವಿಷ್ಣುಕ್ರಾಂತಿಯು ತಕ್ಕದ್ದು. ಒಣ ನೆಲದಲ್ಲಿ, ಕಲ್ಲುಹರಳುಗಳ ನಡುವೆ, ಗಟ್ಟಿಯಾದ ಬೇರಿನಿಂದ ಸುತ್ತಲೂ ಸಪುರವಾದ ಕವಲುಗಳನ್ನು ಚಾಚಿ, ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುವ ಪುಟ್ಟ ನೀಲಿಯ ಹೂಗಳನ್ನು ಬಿಡುವ ಈ ಗಿಡವನ್ನು ಮಕ್ಕಳು ಗುರುತಿಸಬಲ್ಲರು. ನರ್ಸರಿಗಳಲ್ಲಿ ‘ಬ್ಲೂ ಡೇಜ್’ ಎಂದು ಮಾರುವ, ಇದಕ್ಕಿಂತ ದೊಡ್ಡ ಹೂವಿನ ಗಿಡವು ದಕ್ಷಿಣ ಅಮೇರಿಕದ ಬೇರೊಂದು ಜಾತಿ. ಅದನ್ನೇ ನಮ್ಮ ವಿಷ್ಣುಕ್ರಾಂತಿಯೆಂದು ನಂಬಿ ತರಬಾರದು.

ಕಾಣಿಕೆಯ ಹಣವನ್ನು ಏನು ಮಾಡುವುದೆಂದು ದಾನಿಗಳು ಕೇಳಬಹುದು. ಅದಕ್ಕೆ ನನ್ನ ಬಿನ್ನಹವಿದು. ಶಾಲೆಯ ಮಾಡಿನ ಮೇಲೆ ಬೀಳುವ ಮಳೆಯ ನೀರನ್ನು ಹಿಡಿದಿಡುವ ತೊಟ್ಟಿಯೊಂದನ್ನು ಕಟ್ಟಿಸಿಕೊಡಿರಿ. 100 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರಾಗುವುದು. ಸೋರಿ ಆರಿ ಹೋದದ್ದನ್ನು ಕಳೆದರೂ ಒಂದು ಒಳ್ಳೆಯ ಮಳೆಗೆ ಐವತ್ತು ಕೊಡಗಳಿಗೆ ಕಡಿಮೆಯಾಗದು. ಹುಲ್ಲುಹಾಸು ಪ್ರತಿದಿನವೂ ನೀರನ್ನು ಕೇಳುವ ಕಾಣಿಕೆಯಾಗಿತ್ತು. ತೊಟ್ಟಿಯು ಪ್ರತಿ ಮಳೆಗೂ ನೀರನ್ನು ಕೊಡುವ ಕಾಣಿಕೆಯಾಗುವುದು. ದಾನಿಗಳ ಹೆಸರನ್ನು ಕೆತ್ತುವುದಕ್ಕೆ ಅದರ ಗೋಡೆಯಲ್ಲಿ ಸ್ಥಳವೂ ಇರುತ್ತದೆ!

ನೆಲಹಿಪ್ಪಲಿಗೆ ಹಣವೇ ಬೇಡ. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗಿ ಮಳೆ ಹಿಡಿದ ಮೇಲೆ, ಒಂದು ಶನಿವಾರ ಬೆಳಗ್ಗೆ ನೆಡುವ ಕೆಲಸವನ್ನು ಇಟ್ಟುಕೊಳ್ಳಬೇಕೆಂದಿದ್ದೇನೆ. ದಿನವನ್ನು ಮಕ್ಕಳ ಕೈಯಲ್ಲಿ ಹೇಳಿ ಕಳುಹಿಸುವೆನು. ಹಳ್ಳಿಗಳಲ್ಲಿರುವ ಪೋಷಕರು ತಮ್ಮ ಗದ್ದೆಯ ಬದುವಿನಿಂದ ಒಂದು ಹಿಡಿ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳುಹಿಸಿದರೆ ಸಾಕು. ಒಂದೇ ಕಡೆಯಲ್ಲಿ ಬುಡಸಹಿತ ಕೀಳಬಾರದು, ಅಲ್ಲಿಯದು ಅಲ್ಲಿಯೂ ಉಳಿಯಬೇಕು. ಚರಂಡಿಯ ನೀರು ಹರಿಯುವ ಕಡೆಯಿಂದ ತರಬಾರದು. ಹಳೆಯ ವಿದ್ಯಾರ್ಥಿನಿಯರಲ್ಲಿ ಬರಲು ಅನುಕೂಲವಿರುವವರು ಈಗಿನ ಹುಡುಗಿಯರ ಜೊತೆಯಲ್ಲಿ ಕುಳಿತು ನೆಡಬೇಕಾಗಿ ಕೋರುತ್ತೇನೆ. ಗುದ್ದಲಿಗಳು ಶಾಲೆಯಲ್ಲಿ ಎಂಟು ಇವೆ. ಇನ್ನು ನಾಲ್ಕನ್ನು ಯಾರಾದರೂ ಎರವಲಾಗಿ ಕೊಟ್ಟರೆ ಉಪಕಾರವಾಗುವುದು.